ಹತ್ತು ದಿಕ್ಕಿನ ತೋಪು: ಬೀಜಿಂಗಿನ ಬಿಳಿಮೋಡದ ಮಠ



ಕನ್ನಡದ ಓದುಗರಿಗೆ ದಾವ್ ಎಂಬುದು ಪುಸ್ತಕವಾಗಿ ಪರಿಚಿತ. ಯು. ಆರ್. ಅನಂತಮೂರ್ತಿಯವರು ‘ದಾವ್ ದ ಜಿಂಗ್’ ಅನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ಕವಿಗಳೂ ವಿಮರ್ಶಕರೂ ಅದರ ಮಾತನ್ನು ಆಗಾಗ ಎತ್ತಿದ್ದಾರೆ. 81 ಸಣ್ಣ ಅಧ್ಯಾಯಗಳು, ಮೂಲದಲ್ಲಿ ಸುಮಾರು 5,000 ಅಕ್ಷರಗಳು. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದಾದ, ಒಂದು ಜನ್ಮದಲ್ಲಿ ಮುಗಿಯದ ಪುಸ್ತಕ. ಅದನ್ನು ಬರೆದನೆಂದು ಹೇಳುವ ಲಾವೋತ್ಸು ನಮ್ಮ ಮನಸ್ಸಿನಲ್ಲಿ ಒಬ್ಬಂಟಿ. ರಾಜ್ಯ ಕೆಟ್ಟಿತೆಂದು ಎತ್ತಿನ ಮೇಲೆ ಕೂತು ಪಡುವಣಕ್ಕೆ ಹೊರಟವನು, ಗಡಿಯ ಕಾವಲುಗಾರ ಯಿನ್ ಶಿ ಕೇಳಿಕೊಂಡನೆಂದು ನಾಲ್ಕು ಮಾತು ಬರೆದುಕೊಟ್ಟು ಮರೆಯಾದವನು.

ಇಂಥವನ ಹೆಸರಿನಲ್ಲಿ ದೊಡ್ಡ ನಗರವೊಂದರ ನಡುವೆ ಒಂದು ಮಠ. ಅದಕ್ಕೊಬ್ಬ ಅಧಿಪತಿ, ಒಬ್ಬ ಪಾರುಪತ್ಯಗಾರ, ಉಗ್ರಾಣ, ಅಡುಗೆಮನೆ, ಲೆಕ್ಕದ ಪುಸ್ತಕ, ತಪ್ಪು ಮಾಡಿದವರಿಗೆ ಶಿಕ್ಷೆಯ ಪಟ್ಟಿ. ಇದನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರು ‘ಇದು ಮೂಲದಿಂದ ಜಾರಿದ್ದು’ ಎಂದು ತೀರ್ಮಾನಿಸುತ್ತಾರೆ. ಪುಸ್ತಕದ ದಾವ್ ಶುದ್ಧ, ದೇಗುಲದ ದಾವ್ ಕಲಬೆರಕೆ ಎಂಬ ಈ ಎಣಿಕೆ ಹತ್ತೊಂಬತ್ತನೆಯ ಶತಮಾನದ ಐರೋಪ್ಯ ವಿದ್ವಾಂಸರು ಬಿಟ್ಟುಹೋದದ್ದು. ಚೀನದ ಸಾಕ್ಷರ ಅಧಿಕಾರಿವರ್ಗವೂ ಅದಕ್ಕೆ ನೀರೆರೆಯಿತು. ನಾನು ಇವತ್ತು ಹೇಳಬೇಕೆಂದಿರುವುದು ಅದಕ್ಕೆ ಎದುರಾದ ಮಾತು. ಬೀಜಿಂಗಿನ ಬೈಯುನ್ ಗುವಾನ್, ಅಂದರೆ ಬಿಳಿಮೋಡದ ಮಠ, ಪುಸ್ತಕವನ್ನು ಉಳಿಸಿದ್ದೇ ತನ್ನ ಅಡುಗೆಮನೆಯಿಂದ, ತನ್ನ ಅತಿಥಿ ನಿಯಮದಿಂದ. ಈ ಮಠ ಯಾರ ಮನೆಯ ಆಸ್ತಿಯೂ ಆಗದಂತೆ ನೋಡಿಕೊಂಡ ಒಂದು ಕಟ್ಟಳೆ ಅದರ ಚರಿತ್ರೆಯ ಬೆನ್ನೆಲುಬು. ಮರದ ಕಂಬಗಳು ಸುಟ್ಟಿವೆ, ಹೆಸರು ಬದಲಾಗಿದೆ, ಊರೇ ಪಕ್ಕಕ್ಕೆ ಸರಿದಿದೆ; ಕಟ್ಟಳೆ ಮಾತ್ರ ಹೇಗೋ ದಾಟಿ ಬಂದಿದೆ.

ಮೊದಲು ಹೆಸರಿನ ಮಾತು. ಚೀನದಲ್ಲಿ ಬೌದ್ಧ ವಿಹಾರಕ್ಕೆ ‘ಸಿ’ ಎನ್ನುತ್ತಾರೆ, ಊರ ದೇವರ ಗುಡಿಗೆ ‘ಮಿಯಾವ್’ ಎನ್ನುತ್ತಾರೆ. ದಾವ್ ಸನ್ಯಾಸಿಗಳು ನೆಲೆಸುವ ಸ್ಥಳಕ್ಕೆ ‘ಗುವಾನ್’. ಆ ಅಕ್ಷರದ ಮೂಲಾರ್ಥ ನೋಡುವುದು, ದಿಟ್ಟಿಸುವುದು. ಗಡಿಯ ಯಿನ್ ಶಿ ಒಂದು ಅಟ್ಟಳೆಯ ಮೇಲೆ ನಿಂತು ನಕ್ಷತ್ರಗಳನ್ನು ನೋಡುತ್ತಿದ್ದ, ಆ ನೋಟದಿಂದಲೇ ಮಹಾಪುರುಷನೊಬ್ಬ ಬರುತ್ತಿದ್ದಾನೆಂದು ತಿಳಿದ ಎಂಬ ಕಥೆಯಿಂದ ಈ ಬಳಕೆ ಬಂದಿತೆಂದು ಸಂಪ್ರದಾಯ ಹೇಳುತ್ತದೆ. ದೇಗುಲಕ್ಕೆ ‘ನೋಟದ ಕಟ್ಟೆ’ ಎಂಬ ಹೆಸರಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ನಾವು ದರ್ಶನ ಪಡೆಯಲು ಗುಡಿಗೆ ಹೋಗುತ್ತೇವೆ. ಅಲ್ಲಿ ನೋಡುವ ಕೆಲಸ ಒಳಗಿರುವವರದು.

ಸ್ಥಳದ ಚರಿತ್ರೆ ತಾಂಗ್ ವಂಶದ ಕಾಲಕ್ಕೆ ಹೋಗುತ್ತದೆ. ತಾಂಗ್ ದೊರೆಗಳ ಮನೆತನದ ಹೆಸರು ಲಿ. ಲಾವೋತ್ಸುವಿನ ಮನೆತನದ ಹೆಸರೂ ಲಿ ಎಂದು ಪ್ರತೀತಿ. ಅಷ್ಟು ಸಾಕಾಯಿತು, ಅರಸರು ಅವನನ್ನು ತಮ್ಮ ಮೂಲಪುರುಷನೆಂದು ಸಾರಿದರು. ಎಂಟನೆಯ ಶತಮಾನದ ಮೊದಲರ್ಧದಲ್ಲಿ, ಶುವಾನ್‌ಜೊಂಗ್ ದೊರೆಯ ಆಳ್ವಿಕೆಯಲ್ಲಿ, ಉತ್ತರದ ಗಡಿಪಟ್ಟಣವಾಗಿದ್ದ ಯೌಜೌನಲ್ಲಿ ತಿಯೆನ್‌ಚಾಂಗ್ ಗುವಾನ್ ಎಂಬ ಮಠ ಎದ್ದಿತು. ಆ ಗಡಿಪಟ್ಟಣವೇ ಮುಂದೆ ಬೀಜಿಂಗ್ ಆಗುವ ನೆಲ. ಬಿಳಿ ಕಲ್ಲಿನ ಕುಳಿತ ಲಾವೋತ್ಸು ವಿಗ್ರಹವೊಂದನ್ನು ಆ ಕಾಲದ ಕುರುಹೆಂದು ಮಠದವರು ಇಂದಿಗೂ ಕಾಪಾಡಿಕೊಂಡಿದ್ದಾರೆ.

ಮುಂದೆ ಜುರ್ಚೆನ್ನರ ಜಿನ್ ವಂಶ ಆ ಪಟ್ಟಣವನ್ನು 1153ರಲ್ಲಿ ತನ್ನ ರಾಜಧಾನಿ ಮಾಡಿಕೊಂಡಿತು. ಮಠ 1160ರ ಸುಮಾರಿಗೆ ಸುಟ್ಟಿತು, 1167ರಿಂದ 1174ರ ನಡುವೆ ಮತ್ತೆ ಕಟ್ಟಿದರು, 1202ರಲ್ಲಿ ಮತ್ತೆ ಸುಟ್ಟಿತು, ಹೊಸ ಹೆಸರಿನಲ್ಲಿ ಮತ್ತೆ ಎದ್ದಿತು. ಮರದ ಕಟ್ಟಡಗಳ ನಾಡಿನಲ್ಲಿ ಇದು ದಿನನಿತ್ಯದ ಮಾತು. ನಾನು ಆ ತೇದಿಗಳ ಮೇಲೆ ನಿಲ್ಲುವುದಿಲ್ಲ. ನಿಲ್ಲಬೇಕಾದದ್ದು ಚಿಯು ಚೂಜಿ ಎಂಬ ಮುದುಕನ ಬಳಿ.

ಹನ್ನೆರಡನೆಯ ಶತಮಾನದಲ್ಲಿ ವಾಂಗ್ ಚೊಂಗ್‌ಯಾಂಗ್ (1113–1170) ಎಂಬಾತ ಚುವಾನ್‌ಜೆನ್ ಎಂಬ ಹೊಸ ಪಂಥವನ್ನು ಹುಟ್ಟುಹಾಕಿದ. ‘ಚುವಾನ್‌ಜೆನ್’ ಎಂದರೆ ಪೂರ್ಣ ಸತ್ಯ, ಸಮಗ್ರ ನಿಜ ಎಂಬಷ್ಟು ಅರ್ಥ. ಅಲ್ಲಿಯವರೆಗೆ ದಾವ್ ಪುರೋಹಿತರು ಬಹುಮಟ್ಟಿಗೆ ಸಂಸಾರಿಗಳು. ತಂದೆಯಿಂದ ಮಗನಿಗೆ ವಿದ್ಯೆ ಇಳಿಯುತ್ತಿತ್ತು. ಜೆಂಗ್‌ಯಿ ಎಂಬ ಆ ಪರಂಪರೆ ಇಂದೂ ಜೀವಂತವಾಗಿದೆ. ವಾಂಗ್ ಬೇರೆ ದಾರಿ ಹಿಡಿದ. ಮನೆ ಬಿಡಬೇಕು, ಮದುವೆ ಇಲ್ಲ, ಮಾಂಸ ಮದ್ಯ ಇಲ್ಲ. ಅಮೃತವನ್ನು ಮೂಸೆಯಲ್ಲಿ ಕುದಿಸುವ ಹಳೆಯ ರಸವಿದ್ಯೆಯನ್ನು ಬಿಟ್ಟು ಉಸಿರು, ಮನಸ್ಸು, ದೇಹಗಳಲ್ಲೇ ಪಾಕ ಇಳಿಸಬೇಕು. ಅವನು ಶಿಷ್ಯರಿಗೆ ಓದಲು ಹೇಳಿದ ಪುಸ್ತಕಗಳು ಮೂರು: ಲಾವೋತ್ಸುವಿನ ಗ್ರಂಥ, ಕನ್‌ಫ್ಯೂಷಿಯಸ್ ಪರಂಪರೆಯ ಪಿತೃಭಕ್ತಿಯ ಗ್ರಂಥ, ಮತ್ತು ಬೌದ್ಧರ ಪ್ರಜ್ಞಾಪಾರಮಿತಾ ಹೃದಯಸೂತ್ರ. ಅವನ ಏಳು ಮಂದಿ ಮುಖ್ಯ ಶಿಷ್ಯರಲ್ಲಿ ಸುನ್ ಬು’ಅರ್ ಎಂಬ ಹೆಂಗಸೂ ಒಬ್ಬಳು. ಕೊನೆಯವರೆಗೆ ಹೆಸರು ಉಳಿಸಿದವನು ಚಿಯು ಚೂಜಿ (1148–1227), ‘ಚಾಂಗ್‌ಚುನ್’ ಎಂದರೆ ನಿತ್ಯವಸಂತ ಎಂಬ ಬಿರುದಿನವನು.

1219ರಲ್ಲಿ ಚೆಂಗಿಸ್ ಖಾನನ ದೂತ ಶಾಂಡೊಂಗ್‌ನಲ್ಲಿದ್ದ ಚಿಯುವನ್ನು ಹುಡುಕಿ ಬಂದ. ಖಾನನಿಗೆ ವಯಸ್ಸಾಗುತ್ತಿತ್ತು; ಚೀನದಲ್ಲಿ ಮುನ್ನೂರು ವರ್ಷ ಬಾಳಿದ ಮುನಿಯೊಬ್ಬನಿದ್ದಾನೆ, ಅವನ ಬಳಿ ಸಾಯದ ಮದ್ದಿದೆ ಎಂದು ಯಾರೋ ಹೇಳಿದ್ದರು. ಆ ಹೊತ್ತಿನಲ್ಲಿ ಜಿನ್ ಅರಸರೂ ದಕ್ಷಿಣದ ಸುಂಗ್ ಅರಸರೂ ಕರೆದಾಗ ಹೋಗದ ಚಿಯು ಇದಕ್ಕೆ ಒಪ್ಪಿದ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಹದಿನೆಂಟು ಮಂದಿ ಶಿಷ್ಯರೊಡನೆ 1220ರಲ್ಲಿ ಹೊರಟು, ಮಂಗೋಲಿಯದ ಹುಲ್ಲುಗಾವಲು ದಾಟಿ, 1221ರ ಕೊನೆಗೆ ಸಮರ್‌ಖಂಡ್ ಸೇರಿ, 1222ರಲ್ಲಿ ಹಿಂದೂಕುಷ್ ಪರ್ವತದ ಆಚೆ ಬೀಡುಬಿಟ್ಟಿದ್ದ ಖಾನನನ್ನು ಕಂಡ. ಹೊರಡುವಾಗ ಒಂದು ಸಣ್ಣ ಜಗಳವಾಯಿತು. ಖಾನನ ಅಂತಃಪುರಕ್ಕೆಂದು ಒಟ್ಟುಮಾಡಿದ್ದ ಹುಡುಗಿಯರನ್ನೂ ದೂತ ಅದೇ ತಂಡದಲ್ಲಿ ಕರೆದೊಯ್ಯಬೇಕೆಂದಿದ್ದ. ಅವರ ಜೊತೆ ತಾನು ಬರುವುದಿಲ್ಲವೆಂದು ಮುದುಕ ಪಟ್ಟುಹಿಡಿದು ಕೂತ. ದೂತನೇ ಸೋತ.

ಖಾನ ಕೇಳಿದ ಮೊದಲ ಪ್ರಶ್ನೆ ಮದ್ದಿನದು. ಆಯುಸ್ಸನ್ನು ಕಾಯುವ ದಾರಿಗಳಿವೆ, ಸಾಯದಂತೆ ಮಾಡುವ ಮದ್ದಿಲ್ಲ ಎಂದು ಚಿಯು ನೇರವಾಗಿ ಹೇಳಿದ. ನಗರಗಳನ್ನೇ ಬೂದಿ ಮಾಡುತ್ತಿದ್ದ ಮನುಷ್ಯನ ಎದುರು ನಿಂತು ಆಡಿದ ಮಾತದು. ಖಾನ ಕೋಪಿಸಿಕೊಳ್ಳಲಿಲ್ಲ; ಮುನಿಯ ಪ್ರಾಮಾಣಿಕತೆಗೆ ಮೆಚ್ಚಿದ. ಆಸೆ ಕಡಿಮೆ ಮಾಡಬೇಕು, ಬೇಟೆ ಕಡಿಮೆ ಮಾಡಬೇಕು, ಪ್ರಜೆಗಳನ್ನು ಕೊಲ್ಲಬಾರದು ಎಂಬ ಉಪದೇಶವನ್ನೂ ಕೇಳಿಸಿಕೊಂಡ. ಆ ಉಪದೇಶ ಎಷ್ಟು ಒಳಗಿಳಿಯಿತು ಎಂಬುದನ್ನು ಮುಂದಿನ ದಂಡಯಾತ್ರೆಗಳೇ ಹೇಳುತ್ತವೆ. ಈ ಪ್ರಯಾಣದ ಕಥನವನ್ನು ಶಿಷ್ಯ ಲಿ ಜಿಚಾಂಗ್ ಬರೆದಿಟ್ಟ. ಮಧ್ಯ ಏಷ್ಯದ ಹಾದಿಗಳು, ಬೆಳೆ, ಬಟ್ಟೆ, ಬಿಸಿಲು, ಹಿಮ, ಸಮರ್‌ಖಂಡಿನ ಖಾಲಿಯಾದ ಮನೆಗಳು ಎಲ್ಲ ಅದರಲ್ಲಿವೆ. ಕೋತಿ ನಾಯಕನಾಗಿರುವ ಪ್ರಸಿದ್ಧ ಕಾದಂಬರಿಗೂ ಇದಕ್ಕೂ ಹೆಸರು ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಹುಕಾಲ ಗೊಂದಲವಿತ್ತು. ಕಾದಂಬರಿಯನ್ನೇ ಚಿಯು ಬರೆದನೆಂದು ನಂಬಿದವರೂ ಇದ್ದರು. 1795ರಲ್ಲಿ ಚಿಯೆನ್ ದಾಶಿನ್ ಎಂಬ ವಿದ್ವಾಂಸ ಧರ್ಮಗ್ರಂಥಗಳ ರಾಶಿಯಿಂದ ನಿಜವಾದ ಕಥನವನ್ನು ಹೊರತೆಗೆದ ಮೇಲೆ ಅದು ತಿಳಿಯಾಯಿತು. 1931ರಲ್ಲಿ ಆರ್ಥರ್ ವೇಲಿ ಅದನ್ನು ಇಂಗ್ಲಿಷಿಗೆ ತಂದರು.

1224ರಲ್ಲಿ ಚಿಯು ಬೀಜಿಂಗಿನ ನೆಲಕ್ಕೆ ಮರಳಿ, ಮಂಗೋಲರು 1215ರಲ್ಲಿ ಸೂರೆಹೊಡೆದಿದ್ದ ಪಟ್ಟಣದ ಹಾಳುಬಿದ್ದ ಮಠದಲ್ಲಿ ನೆಲೆಸಿದ. ಅವನ ಕೈಯಲ್ಲಿ ಖಾನನ ಶಾಸನವಿತ್ತು: ಅವನ ಶಿಷ್ಯರಿಗೆ ಕಂದಾಯವಿಲ್ಲ, ಬಿಟ್ಟಿದುಡಿಮೆಯಿಲ್ಲ. ಯುದ್ಧದಲ್ಲಿ ಸೆರೆಸಿಕ್ಕಿದವರು, ಗುಲಾಮರಾದವರು ಅವನ ಬಳಿ ಬಂದು ದೀಕ್ಷಾಪತ್ರ ಪಡೆದು ಬಿಡುಗಡೆಯಾದರು. ಅಂಥವರ ಸಂಖ್ಯೆ ಇಪ್ಪತ್ತು ಮೂವತ್ತು ಸಾವಿರವೆಂದು ಯುವಾನ್ ವಂಶದ ಅಧಿಕೃತ ಇತಿಹಾಸವೇ ಬರೆಯುತ್ತದೆ. ಸಂಖ್ಯೆಯಲ್ಲಿ ಭಕ್ತಿಯ ಪಾಲು ಎಷ್ಟಿದ್ದರೂ ಇರಲಿ; ಒಂದು ಕಾಗದದ ಚೂರು ಜೀವ ಉಳಿಸುವ ಕಾಲದಲ್ಲಿ ಆ ಕಾಗದವನ್ನು ಕೊಡುವ ಬಾಗಿಲು ಇದಾಗಿತ್ತು. 1227ರಲ್ಲಿ ಮಠಕ್ಕೆ ಅವನ ಬಿರುದಿನಿಂದಲೇ ಚಾಂಗ್‌ಚುನ್ ಗೊಂಗ್ ಎಂದು ಹೆಸರಾಯಿತು. ಅದೇ ವರ್ಷ ಚಿಯು ತೀರಿಕೊಂಡ. ಅದೇ ವರ್ಷ ಚೆಂಗಿಸ್ ಖಾನನೂ ತೀರಿಕೊಂಡ. ಶಿಷ್ಯ ಯಿನ್ ಜಿಪಿಂಗ್ ಮಠದ ಪೂರ್ವಕ್ಕೆ ಸಮಾಧಿಮಂದಿರ ಕಟ್ಟಿಸಿ ಗುರುವಿನ ದೇಹವನ್ನು ಇರಿಸಿದ. ಇಂದಿನ ಬೈಯುನ್ ಗುವಾನ್ ಬೆಳೆದದ್ದು ಆ ಸಮಾಧಿಯ ಸುತ್ತ.

ರಾಜಾಶ್ರಯದ ಬಿಸಿಲು ಚರ್ಮ ಸುಡದೆ ಬಿಡುವುದಿಲ್ಲ. ಮುಂದಿನ ಮೂವತ್ತು ವರ್ಷಗಳಲ್ಲಿ ಚುವಾನ್‌ಜೆನ್ ಸನ್ಯಾಸಿಗಳು ಉತ್ತರ ಚೀನದ ತುಂಬ ಹಾಳುಬಿದ್ದ ಬೌದ್ಧ ವಿಹಾರಗಳನ್ನು ತಮ್ಮದಾಗಿಸಿಕೊಂಡರು. ಜೊತೆಗೆ ಹಳೆಯದೊಂದು ವಿವಾದಗ್ರಂಥವನ್ನು ಮುಂದಿಟ್ಟರು. ಲಾವೋತ್ಸು ಗಡಿ ದಾಟಿ ಪಡುವಣಕ್ಕೆ ಹೋದನಷ್ಟೆ. ಅಲ್ಲಿಂದ ಮುಂದೆ ಎಲ್ಲಿಗೆ? ಭಾರತಕ್ಕೆ ಹೋಗಿ, ಅಲ್ಲಿಯ ಅನಾಗರಿಕರನ್ನು ತಿದ್ದಲು ಬುದ್ಧನಾದ ಎಂದು ಆ ಗ್ರಂಥ ಹೇಳುತ್ತದೆ! ನಮ್ಮ ಕಿವಿಗೆ ಇದು ತಮಾಷೆಯಾಗಿ ಕೇಳಬಹುದು. ಬುದ್ಧನನ್ನು ದಶಾವತಾರದ ಪಟ್ಟಿಗೆ ಸೇರಿಸಿಕೊಂಡ ನಾಡಿನವರು ನಗುವ ಮೊದಲು ಕೊಂಚ ಯೋಚಿಸಬೇಕು. 1258ರಲ್ಲಿ ಚೆಂಗಿಸ್ ಖಾನನ ಮೊಮ್ಮಗ ಕುಬ್ಲಾಯ್ ಎದುರು ಬೌದ್ಧರಿಗೂ ದಾವ್ ಪಂಥದವರಿಗೂ ವಾದ ನಡೆಯಿತು. ದಾವ್ ಪಂಥದವರು ಸೋತರು. ಹದಿನೇಳು ಮಂದಿ ಜುಟ್ಟು ಬೋಳಿಸಿಕೊಂಡು ಭಿಕ್ಷುಗಳಾಗಬೇಕಾಯಿತು. 1281ರಲ್ಲಿ ಲಾವೋತ್ಸುವಿನ ಗ್ರಂಥವೊಂದನ್ನು ಬಿಟ್ಟು ಉಳಿದ ದಾವ್ ಗ್ರಂಥಗಳನ್ನೂ ಅಚ್ಚಿನ ಹಲಗೆಗಳನ್ನೂ ಸುಡಬೇಕೆಂದು ಆಜ್ಞೆಯಾಯಿತು.

ಭಾರತದ ಮಾತು ಬಂದದ್ದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದ ಹ್ಯೂಯೆನ್‌ತ್ಸಾಂಗ್ ನಮಗೆ ಶಾಲೆಯ ಪಾಠದಿಂದಲೇ ಗೊತ್ತು. ಅವನು ಚೀನಕ್ಕೆ ಮರಳಿದ ಮೇಲೆ, 647ರಲ್ಲಿ, ತಾಂಗ್ ದೊರೆಯ ಅಪ್ಪಣೆಯಂತೆ ಕಾಮರೂಪದ ಅರಸನಿಗಾಗಿ ಲಾವೋತ್ಸುವಿನ ಗ್ರಂಥವನ್ನು ಸಂಸ್ಕೃತಕ್ಕೆ ತರುವ ಕೆಲಸ ಅವನಿಗೆ ಬಂತು. ‘ದಾವ್’ ಎಂಬ ಮೊದಲ ಪದದಲ್ಲೇ ಜಗಳ ಹತ್ತಿತು. ಜೊತೆಗಿದ್ದ ದಾವ್ ಪಂಡಿತರು ‘ಬೋಧಿ’ ಎಂದು ಹಾಕಬೇಕೆಂದರು. ಹ್ಯೂಯೆನ್‌ತ್ಸಾಂಗ್ ‘ಮಾರ್ಗ’ ಎಂದು ಹಟಹಿಡಿದ. ಆ ಅನುವಾದ ಇಂದು ಸಿಕ್ಕುವುದಿಲ್ಲ. ಬುದ್ಧನ ಅರಿವಿನ ಪದವನ್ನು ಪರರ ಗ್ರಂಥಕ್ಕೆ ಬಿಟ್ಟುಕೊಡಲು ಒಬ್ಬ ಬೌದ್ಧನಿಗೆ ಮನಸ್ಸಾಗಲಿಲ್ಲ ಎಂದೇ ನನಗೆ ತೋರುತ್ತದೆ. ಆದರೂ ದಾವ್ ಎಂಬುದಕ್ಕೆ ದಾರಿ ಎಂಬುದೇ ಸರಿಯಾದ ಪದ; ಹಟ ಕೆಲವೊಮ್ಮೆ ಒಳ್ಳೆಯ ಅನುವಾದಕನನ್ನು ಮಾಡುತ್ತದೆ.

ಇನ್ನು ಊರು ಸರಿದ ಕಥೆ. ಕುಬ್ಲಾಯ್ 1267ರಲ್ಲಿ ಹಳೆಯ ಪಟ್ಟಣವನ್ನು ಬಿಟ್ಟು ಈಶಾನ್ಯಕ್ಕೆ ಹೊಸ ರಾಜಧಾನಿ ಕಟ್ಟತೊಡಗಿದ. ನಗರದೊಳಗಿದ್ದ ಮಠ ನಗರದ ಹೊರಗಾಯಿತು. ಅವನ ಯುವಾನ್ ವಂಶ ಬಿದ್ದಾಗ ನಡೆದ ಕದನಗಳಲ್ಲಿ ದೊಡ್ಡ ಮಠ ಹಾಳಾಯಿತು, ಚಿಯುವಿನ ಸಮಾಧಿ ಉಳಿಯಿತು. ಮಿಂಗ್ ಅರಸರ ಕಾಲದಲ್ಲಿ ಅದರ ಸುತ್ತ ಮತ್ತೆ ಕಟ್ಟಿದರು, ಬಿಳಿಮೋಡದ ಹೆಸರು ನೆಲೆನಿಂತಿತು. 1553ರಲ್ಲಿ ಹೊರಕೋಟೆ ಕಟ್ಟಿದಾಗಲೂ ಮಠ ಶಿಬಿಯೆನ್ ಬಾಗಿಲಿನಿಂದ ಸ್ವಲ್ಪವೇ ಆಚೆ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಕೋಟೆಗಳನ್ನು ಕೆಡವಿ ವರ್ತುಲ ರಸ್ತೆಗಳನ್ನು ಹಾಕಿದಾಗ ನಗರ ಮತ್ತೆ ಬಂದು ಮಠವನ್ನು ತಬ್ಬಿತು. ಇಂದು ಅದು ಶಿಚೆಂಗ್ ಜಿಲ್ಲೆಯ ಒಂದು ಬೀದಿಯಲ್ಲಿದೆ. ಒಳಗೆ, ಹೊರಗೆ, ಮತ್ತೆ ಒಳಗೆ: ಮಠ ಒಂದು ಹೆಜ್ಜೆಯನ್ನೂ ಇಡದೆ ಎರಡು ಬಾರಿ ಊರು ಬದಲಿಸಿತು. ನಗರದ ಅಂಚಿನಲ್ಲಿದ್ದದ್ದು ಅದಕ್ಕೆ ಅನುಕೂಲವೇ ಆಯಿತು. ಅರಮನೆಯವರಿಗೆ ಹತ್ತಿರ, ಅಲೆಮಾರಿಗೆ ಸುಲಭ. ಕೋಟೆಬಾಗಿಲು ಮುಚ್ಚಿದ ಮೇಲೆ ಬಂದ ದಾರಿಹೋಕನೂ ಅದರ ಕದ ತಟ್ಟಬಹುದಾಗಿತ್ತು.

ಈ ಕದದ ಮಾತೇ ನನ್ನ ಉಪನ್ಯಾಸದ ನಡುಗಂಬ. ದಾವ್ ಮಠಗಳಲ್ಲಿ ಎರಡು ಬಗೆ. ಒಂದು ‘ಜಿಸುನ್ ಮಿಯಾವ್’, ಅಂದರೆ ಮಕ್ಕಳು ಮೊಮ್ಮಕ್ಕಳ ಗುಡಿ. ಅಲ್ಲಿ ಗುರು ಶಿಷ್ಯನನ್ನು ಸ್ವೀಕರಿಸುತ್ತಾನೆ. ಗುರುವಿನ ನಂತರ ಗುಡಿಯೂ ಜಮೀನೂ ಶಿಷ್ಯನಿಗೆ. ಸನ್ಯಾಸಿಗಳೇ ಆದರೂ ಒಂದು ಬಗೆಯ ಮನೆತನ. ಇನ್ನೊಂದು ‘ಶಿಫಾಂಗ್ ಚೊಂಗ್‌ಲಿನ್’, ಹತ್ತು ದಿಕ್ಕಿನ ತೋಪು. ಹತ್ತು ದಿಕ್ಕು ಎಂಬ ಎಣಿಕೆ ಬೌದ್ಧರ ಮೂಲಕ ಭಾರತದಿಂದಲೇ ಅಲ್ಲಿಗೆ ಹೋದದ್ದು. ತೋಪಿನ ಮರ ಯಾರು ನೆಟ್ಟರೆಂದು ಯಾರೂ ಕೇಳುವುದಿಲ್ಲ, ನೆರಳು ಮಾತ್ರ ಎಲ್ಲರದು. ಬೈಯುನ್ ಗುವಾನ್ ಈ ಎರಡನೆಯ ಬಗೆಗೆ ಸೇರಿದ್ದು, ಅದರಲ್ಲಿ ಅಗ್ರಗಣ್ಯವಾದದ್ದು.

ಹತ್ತು ದಿಕ್ಕಿನ ತೋಪಿನ ಮುಖ್ಯ ನಿಯಮ ಕೇಳಲು ವಿಚಿತ್ರ: ಇಲ್ಲಿ ಯಾರೂ ಶಿಷ್ಯರನ್ನು ಮಾಡಿಕೊಳ್ಳುವಂತಿಲ್ಲ. ದೀಕ್ಷೆಗೆ ಬರುವವನು ಮೊದಲು ಎಲ್ಲೋ ಒಂದು ಸಣ್ಣ ಗುಡಿಯಲ್ಲಿ ಗುರುವನ್ನು ಹಿಡಿದು, ವರ್ಷಗಟ್ಟಲೆ ಸೇವೆ ಮಾಡಿ, ಜುಟ್ಟು ಕಟ್ಟಿಸಿಕೊಂಡು ಬರಬೇಕು. ದೊಡ್ಡ ಮಠದಲ್ಲಿ ಶಿಷ್ಯಪರಂಪರೆ ಬೆಳೆದರೆ ಪಕ್ಷ ಬೆಳೆಯುತ್ತದೆ. ಪಕ್ಷ ಬೆಳೆದರೆ ಆಸ್ತಿ ಒಂದು ಕೈಗೆ ಹೋಗುತ್ತದೆ. ನಿಯಮ ಮಾಡಿದವರಿಗೆ ಮನುಷ್ಯಸ್ವಭಾವ ಚೆನ್ನಾಗಿ ಗೊತ್ತಿತ್ತು. ನಾಡಿನ ಯಾವ ಮೂಲೆಯಿಂದ ಬಂದ ಚುವಾನ್‌ಜೆನ್ ಸನ್ಯಾಸಿಗಾದರೂ ಇಲ್ಲಿ ಊಟ, ಮಲಗಲು ಜಾಗ ಇತ್ತು. ಇದಕ್ಕೆ ‘ಗುವಾದಾನ್’ ಎಂದು ಹೆಸರು. ಹೆಸರು ಬರೆಸಿ ತಂಗುವುದು. ಹಾಗೆಂದು ಕದ ಸುಮ್ಮನೆ ತೆರೆಯುತ್ತಿರಲಿಲ್ಲ. ಬಾಗಿಲ ಬಳಿಯ ಕೋಣೆಯಲ್ಲಿ ಬಂದವನನ್ನು ಕೂರಿಸಿ ವಿಚಾರಿಸುತ್ತಿದ್ದರು: ಯಾವ ಶಾಖೆ, ಗುರು ಯಾರು, ಗುರುವಿನ ಗುರು ಯಾರು, ಬೆಳಗಿನ ಸಂಜೆಯ ಪಾಠ ಬಾಯಿಗೆ ಬರುತ್ತದೆಯೇ. ಊಟದ ಎಲೆಗೆ ಮೊದಲು ಬಾಯಿಪಾಠದ ಪರೀಕ್ಷೆ. ಪಾಸಾದವನು ಸಾಮಾನ್ಯರ ವಸತಿಯಲ್ಲಿ ಉಳಿದು, ಪಾಳಿಯ ಕೆಲಸ ಮಾಡುತ್ತ, ಯೋಗ್ಯತೆ ಇದ್ದರೆ ಅಧಿಕಾರದ ಮೆಟ್ಟಿಲು ಏರಬಹುದಿತ್ತು. ಪಾರುಪತ್ಯಗಾರನನ್ನು ಸಮುದಾಯವೇ ಆರಿಸುತ್ತಿತ್ತು.

ಈ ವ್ಯವಸ್ಥೆಗೆ ಗಟ್ಟಿ ರೂಪ ಬಂದದ್ದು ಚಿಂಗ್ ವಂಶದ ಆರಂಭದಲ್ಲಿ, ವಾಂಗ್ ಚಾಂಗ್‌ಯುವೆ ಎಂಬ ಮಠಾಧಿಪತಿಯಿಂದ. 1656ರಲ್ಲಿ ಅವನು ಮಠದಲ್ಲಿ ಬಹಿರಂಗ ದೀಕ್ಷೆಯನ್ನು ಶುರುಮಾಡಿದ. ಅದುವರೆಗೆ ಗುರು ಒಬ್ಬ ಶಿಷ್ಯನ ಕಿವಿಯಲ್ಲಿ ಗುಟ್ಟಾಗಿ ಹೇಳುತ್ತಿದ್ದ ವ್ರತಗಳು ಈಗ ವೇದಿಕೆಯ ಮೇಲೆ, ಎಲ್ಲರ ಎದುರು. ಮೂರು ಹಂತದ ವ್ರತಗಳು, ನೂರು ದಿನದ ಕಠಿಣ ವಾಸ. ದೀಕ್ಷೆ ಪಡೆದವರೆಲ್ಲರ ಹೆಸರು ಒಂದು ಅಚ್ಚಾದ ಪಟ್ಟಿಯಲ್ಲಿ ಸೇರುತ್ತಿತ್ತು. ಯೋಗ್ಯತೆಯಂತೆ ಅವರಿಗೆ ಕ್ರಮಾಂಕ. ಮಂಚು ಅರಸರು ಚೀನದ ಗಂಡಸರಿಗೆಲ್ಲ ಹಣೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದು ಕಡ್ಡಾಯ ಮಾಡಿದ್ದ ಕಾಲ ಅದು. ದಾವ್ ಸನ್ಯಾಸಿಗಳಿಗೆ ಮಾತ್ರ ಹಳೆಯ ಜುಟ್ಟು, ಹಳೆಯ ನಿಲುವಂಗಿ ಉಳಿದವು. ಸೋತ ಮಿಂಗ್ ವಂಶದ ಉಡುಗೆಯನ್ನು ಹೊಸ ಅರಸರ ಕಣ್ಣೆದುರೇ ತೊಟ್ಟು ಓಡಾಡುವುದಕ್ಕೆ ಸನ್ಯಾಸವೊಂದೇ ದಾರಿಯಾಗಿತ್ತು. ವಾಂಗನ ಸುತ್ತ ಅಷ್ಟು ಜನ ಯಾಕೆ ನೆರೆದರು ಎಂಬುದಕ್ಕೆ ಭಕ್ತಿಯ ಜೊತೆ ಈ ಕಾರಣವೂ ಇದ್ದೀತು.

ವಾರಸುದಾರರಿಲ್ಲದ ಮಠಕ್ಕೆ ವಾರಸುದಾರರಿಲ್ಲದವರೇ ದೊಡ್ಡ ದಾನಿಗಳಾದದ್ದು ಚರಿತ್ರೆಯ ಒಂದು ಸೂಕ್ಷ್ಮ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅರಮನೆಯ ನಪುಂಸಕ ಸೇವಕರಲ್ಲಿ ಅನೇಕರು ಇಲ್ಲಿ ದೀಕ್ಷೆ ಪಡೆದರು. ರಾಜಮಾತೆ ತ್ಸಶಿಯ ಸೇವೆಯಲ್ಲಿದ್ದ ಲಿಯು ಚೆಂಗ್‌ಯಿನ್ ಅವರಲ್ಲಿ ಪ್ರಮುಖ. ದೀಕ್ಷಾ ಸಮಾರಂಭಗಳ ಖರ್ಚನ್ನು ಅವನು ಹೊತ್ತ, ಹೊರುವವರನ್ನು ಹುಡುಕಿ ತಂದ. ಇವರಿಗೆ ಮಕ್ಕಳಿಲ್ಲ, ಮುಪ್ಪಿನಲ್ಲಿ ನೋಡಿಕೊಳ್ಳುವವರಿಲ್ಲ, ಸತ್ತ ಮೇಲೆ ಪಿಂಡ ಇಡುವವರಿಲ್ಲ. ಮಠ ಮೂರನ್ನೂ ಕೊಟ್ಟಿತು. ಪ್ರತಿಯಾಗಿ ಅರಮನೆಯ ಬಾಗಿಲು ಮಠಕ್ಕೆ ತೆರೆಯಿತು. ಹಿಂಭಾಗದ ಯುನ್‌ಜಿ ತೋಟ ಹೆಚ್ಚಾಗಿ ಈ ಕಾಲದ ಹಣದಿಂದ ಆದದ್ದು. ಈ ಸಂಬಂಧವನ್ನು ಕೆಲವು ಲೇಖಕರು ಭ್ರಷ್ಟಾಚಾರವೆಂದು ಒಂದೇ ಏಟಿಗೆ ತಳ್ಳಿಹಾಕುತ್ತಾರೆ. ಆಗಿನ ಮಠಾಧಿಪತಿ ಗಾವ್ ರೆನ್‌ತೊಂಗ್ ಮೇಲೆ ಅಧಿಕಾರದ ದಲ್ಲಾಳಿತನದ ಆರೋಪ ಇದ್ದದ್ದು ನಿಜ. ಆದರೆ ದಾನಶಾಸನಗಳನ್ನು ಓದಿ ಅಭ್ಯಾಸವಿರುವ ನಮಗೆ ಇದು ಹೊಸದಲ್ಲ. ದತ್ತಿ ಎಂಬುದರ ಹಿಂದೆ ಯಾವಾಗಲೂ ಸಾವಿನ ನೆನಪೂ ಹೆಸರಿನ ಆಸೆಯೂ ಒಟ್ಟಿಗೇ ಇರುತ್ತವೆ. ನಾನು ಇಲ್ಲಿ ನಿಂತು ಮಾತನಾಡುತ್ತಿರುವುದೂ ಅಂಥದೊಂದು ದತ್ತಿಯ ಹೆಸರಿನಲ್ಲಿ.

ಈಗ ಬಾಗಿಲಿನಿಂದ ಒಳಗೆ ಬರೋಣ. ಮಠದ ಮುಖ್ಯ ಸಾಲು ದಕ್ಷಿಣದಿಂದ ಉತ್ತರಕ್ಕೆ, ಅಂಗಳದ ಹಿಂದೆ ಅಂಗಳ. ಮೊದಲು ಕಮಾನು, ಆಮೇಲೆ ಹೆಬ್ಬಾಗಿಲು. ಹೆಬ್ಬಾಗಿಲ ಕಲ್ಲಿನ ಕೆತ್ತನೆಯಲ್ಲಿ ಅಂಗೈಗಿಂತ ಸಣ್ಣದಾದ ಒಂದು ಕೋತಿ ಅಡಗಿದೆ. ಮುಟ್ಟಿದವರಿಗೆ ಒಳ್ಳೆಯದಾಗುತ್ತದೆಂದು ಎಷ್ಟು ಕೈಗಳು ಸವರಿವೆಯೆಂದರೆ ಕಲ್ಲು ಕಪ್ಪಾಗಿ ಹೊಳೆಯುತ್ತದೆ. ಮುಂದೆ ನೀರಿಲ್ಲದ ಒಂದು ಸೇತುವೆ. ಪಕ್ಕದಲ್ಲಿ ‘ಪಡುವಣ ಗಾಳಿ’ ಎಂಬ ಹೆಸರಿನ ಬೌದ್ಧ ವಿಹಾರ ಎದ್ದಿತಂತೆ. ಗಾಳಿ ಬೀಸಿದರೆ ಬಿಳಿಮೋಡ ಚದುರುತ್ತದಲ್ಲ ಎಂದು ಹೆದರಿ ಗಾಳಿಯನ್ನು ಹಿಡಿದಿಡಲು ಈ ಸೇತುವೆ ಕಟ್ಟಿದರಂತೆ. ಮತಗಳ ಜಗಳವನ್ನು ಜನ ಹೀಗೆ ಕಥೆ ಮಾಡಿಕೊಂಡು ಬಗೆಹರಿಸಿಕೊಳ್ಳುತ್ತಾರೆ. ಹೊಸವರ್ಷದ ಜಾತ್ರೆಯಲ್ಲಿ ಸೇತುವೆಯ ಕಮಾನಿನಡಿ ದೊಡ್ಡ ನಾಣ್ಯದ ಆಕಾರವೊಂದನ್ನು ನೇತುಹಾಕಿ, ಅದರ ತೂತಿನಲ್ಲಿ ಗಂಟೆ ಕಟ್ಟುತ್ತಾರೆ. ಚಿಲ್ಲರೆ ಎಸೆದು ಗಂಟೆ ಬಾರಿಸಿದವರಿಗೆ ವರ್ಷವೆಲ್ಲ ಶುಭ. ಬಾರಿಸಲಾಗದವರ ಚಿಲ್ಲರೆ ಮಠಕ್ಕೆ ಶುಭ.

ಅಲ್ಲಿಂದ ಕಾವಲು ದೇವತೆ ಲಿಂಗ್‌ಗುವಾನ್, ಪಚ್ಚೆಯ ಸಾರ್ವಭೌಮ ಯುಹುವಾಂಗ್, ವಾಂಗ್ ಚೊಂಗ್‌ಯಾಂಗನ ಏಳು ಶಿಷ್ಯರು ಕುಳಿತಿರುವ ವ್ರತಮಂದಿರ, ಆಮೇಲೆ ಚಿಯುವಿನ ಮಂದಿರ, ಕೊನೆಗೆ ಎರಡಂತಸ್ತಿನ ಕಟ್ಟಡ. ಅದರ ಮೇಲಂತಸ್ತಿನಲ್ಲಿ ಮೂವರು ಪರಿಶುದ್ಧರು. ಲಾವೋತ್ಸು ಆ ಮೂವರಲ್ಲಿ ಒಬ್ಬ. ಗಮನಿಸಿ: ಗ್ರಂಥಕರ್ತ ಎಲ್ಲಕ್ಕಿಂತ ಹಿಂದೆ, ಎಲ್ಲಕ್ಕಿಂತ ಮೇಲೆ ಇದ್ದಾನೆ. ಅವನ ಬಳಿ ಜನಸಂದಣಿ ಕಡಿಮೆ. ಸಂದಣಿ ಇರುವುದು ಪಕ್ಕದ ಸಾಲುಗಳಲ್ಲಿ, ಸಂಪತ್ತಿನ ದೇವರ ಎದುರು, ಮಕ್ಕಳನ್ನು ಕೊಡುವ ತಾಯಂದಿರ ಎದುರು, ವರ್ಷದೇವತೆಗಳ ಎದುರು.

ಈ ವರ್ಷದೇವತೆಗಳ ಮಂದಿರ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಪ್ರಭವದಿಂದ ಅಕ್ಷಯದವರೆಗೆ ನಮಗೆ ಅರವತ್ತು ಸಂವತ್ಸರ. ಹತ್ತು ಕಾಂಡ, ಹನ್ನೆರಡು ಕೊಂಬೆಗಳ ಜೋಡಣೆಯಿಂದ ಅವರಿಗೂ ಅರವತ್ತು. ಎರಡು ಲೆಕ್ಕಗಳ ಹುಟ್ಟು ಬೇರೆ ಬೇರೆ. ನಂಟು ಕಟ್ಟುವ ಆತುರ ಬೇಡ. ನಮ್ಮ ಸಂವತ್ಸರಗಳಿಗೆ ಪಂಚಾಂಗದಲ್ಲಿ ಹೆಸರಿದೆ, ಮುಖವಿಲ್ಲ. ಅಲ್ಲಿ ಅರವತ್ತಕ್ಕೂ ಮುಖವಿದೆ, ಗಡ್ಡವಿದೆ, ಕೈಯಲ್ಲಿ ಆಯುಧವೋ ಕುಂಚವೋ ಇದೆ. ಬಂದವರು ತಮ್ಮ ಹುಟ್ಟಿದ ವರ್ಷದ ದೇವರನ್ನು ಹುಡುಕಿ ಎದುರು ನಿಲ್ಲುತ್ತಾರೆ. ನಡುವೆ ಕುಳಿತವಳು ದೌಮು, ಸಪ್ತರ್ಷಿಮಂಡಲದ ತಾಯಿ, ಹಲವು ತೋಳುಗಳವಳು. ಅವಳ ರೂಪದಲ್ಲಿ ಭಾರತದಿಂದ ಹೋದ ಬೌದ್ಧ ದೇವತೆ ಮಾರೀಚಿ ಬೆರೆತಿದ್ದಾಳೆ. ಹಂದಿಗಳು ಎಳೆಯುವ ಮಾರೀಚಿಯ ರಥವೂ ಅವಳಿಗೆ ಬಂದಿದೆ. ವಾದಸಭೆಯಲ್ಲಿ ಪರಸ್ಪರ ಜುಟ್ಟು ಹಿಡಿದವರು ಗರ್ಭಗುಡಿಯಲ್ಲಿ ದೇವತೆಗಳನ್ನು ಸಾಲ ಕೊಟ್ಟುಕೊಂಡಿದ್ದಾರೆ.

ಮೊದಲ ತಿಂಗಳ ಹತ್ತೊಂಬತ್ತು ಚಿಯುವಿನ ಹುಟ್ಟಿದ ದಿನ. ಹಳೆಯ ಬೀಜಿಂಗಿನವರಿಗೆ ಅದು ‘ಯೆನ್‌ಜಿಯು’ ಹಬ್ಬ. ಹಿಂದಿನ ರಾತ್ರಿ ಅಮರನಾದ ಚಿಯು ಯಾವುದೋ ವೇಷದಲ್ಲಿ ಮಠಕ್ಕೆ ಬರುತ್ತಾನೆಂದು ನಂಬಿಕೆ: ಭಿಕ್ಷುಕನಾಗಿ, ಅಧಿಕಾರಿಯಾಗಿ, ಹೆಂಗಸಾಗಿ. ಆದ್ದರಿಂದ ಆ ರಾತ್ರಿ ಜನ ನಿದ್ದೆಗೆಟ್ಟು ಅಂಗಳಗಳಲ್ಲಿ ತಿರುಗುತ್ತ ಸಿಕ್ಕಸಿಕ್ಕವರ ಮುಖ ನೋಡುತ್ತಿದ್ದರು. ಅಪರಿಚಿತನನ್ನು ಬಾಗಿಲಲ್ಲಿ ಕೂರಿಸಿ ‘ನೀನು ಯಾರು’ ಎಂದು ಕೇಳುವ ಮಠದ ಕಟ್ಟಳೆಯನ್ನು ಜನ ತಮ್ಮದೇ ರೀತಿಯಲ್ಲಿ ಹಬ್ಬ ಮಾಡಿಕೊಂಡಂತೆ ಇದು ನನಗೆ ಕಾಣುತ್ತದೆ.

ಇನ್ನು ಪುಸ್ತಕಗಳ ಮಾತು. ಆರಂಭದಲ್ಲಿ ಹೇಳಿದ ಕಾರಣಕ್ಕೆ ಇದನ್ನು ಕೊನೆಯ ಭಾಗಕ್ಕೆ ಇಟ್ಟುಕೊಂಡಿದ್ದೆ. 1190ರ ಸುಮಾರಿಗೆ, ಜಿನ್ ಅರಸರ ಕಾಲದಲ್ಲಿ, ಇದೇ ನೆಲದ ಮಠದಲ್ಲಿ ಆಗಿನ ಅಧಿಪತಿ ಸುನ್ ಮಿಂಗ್‌ದಾವ್ 6,000ಕ್ಕೂ ಹೆಚ್ಚು ಸುರುಳಿಗಳ ದಾವ್ ಗ್ರಂಥಭಂಡಾರವನ್ನು ಸಂಪಾದಿಸಿದ. ಅದು ಉಳಿಯಲಿಲ್ಲ. 1281ರ ಬೆಂಕಿಯ ಮಾತು ಆಗಲೇ ಬಂತು. ಮಿಂಗ್ ಅರಸರು 1445ರಲ್ಲಿ 5,305 ಸುರುಳಿಗಳ ಹೊಸ ಭಂಡಾರವನ್ನು ಅಚ್ಚುಹಾಕಿಸಿ ಮುಖ್ಯ ಮಠಗಳಿಗೆ ಹಂಚಿದರು. ಒಂದು ಪ್ರತಿ ಬೈಯುನ್ ಗುವಾನ್‌ಗೆ ಬಂತು. ಅರಮನೆಯ ಬಳಿ ಇರಿಸಿದ್ದ ಅಚ್ಚಿನ ಹಲಗೆಗಳು 1900ರ ಗಲಭೆಯ ಹೊತ್ತಿಗೆ ನಾಶವಾದವು. ಮಠಮಠಗಳ ಪ್ರತಿಗಳು ಹುಳು ತಿಂದು, ಕಳವಾಗಿ ಚದುರಿದವು. ಬೈಯುನ್ ಗುವಾನ್ ಪ್ರತಿ ಹೆಚ್ಚುಕಡಿಮೆ ಇಡಿಯಾಗಿ ಉಳಿದಿತ್ತು. ಅದನ್ನೇ ಮುಖ್ಯವಾಗಿ ಇಟ್ಟುಕೊಂಡು 1923ರಿಂದ 1926ರ ನಡುವೆ ಶಾಂಘಾಯ್‌ನ ಕಮರ್ಷಿಯಲ್ ಪ್ರೆಸ್ 1,120 ಸಂಪುಟಗಳಲ್ಲಿ ಛಾಯಾಮುದ್ರಣ ಮಾಡಿತು. ಅದುವರೆಗೆ ಸನ್ಯಾಸಿಗಳ ಕಪಾಟಿನಲ್ಲಿ ಬೀಗದೊಳಗಿದ್ದ ಸುಮಾರು 1,500 ಗ್ರಂಥಗಳು ಜಗತ್ತಿನ ಗ್ರಂಥಾಲಯಗಳಿಗೆ ಹೋದವು. ಇಂದು ಪ್ಯಾರಿಸ್ಸಿನಲ್ಲೋ ಟೋಕಿಯೊದಲ್ಲೋ ದಾವ್ ಧರ್ಮದ ಮೇಲೆ ಯಾರು ಏನೇ ಬರೆದರೂ ಅವರು ಓದುವುದು ಈ ಮಠದ ಕಪಾಟಿನಿಂದ ಇಳಿದ ಪುಟಗಳನ್ನೇ. ಲಾವೋತ್ಸುವಿನ 81 ಅಧ್ಯಾಯಗಳು ಎಲ್ಲಿಯಾದರೂ ಉಳಿಯುತ್ತಿದ್ದವು. ಉಳಿದ ಒಂದೂವರೆ ಸಾವಿರ ಗ್ರಂಥಗಳಿಗೆ ಒಂದು ಉಗ್ರಾಣ ಬೇಕಿತ್ತು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವ ಕೈಗಳು ಬೇಕಿದ್ದವು, ಆ ಕೈಗಳಿಗೆ ಎರಡು ಹೊತ್ತು ಗಂಜಿ ಬೇಕಿತ್ತು.

ಕಟ್ಟಳೆಯ ಗುಣವನ್ನು ಇಷ್ಟು ಹೊಗಳಿದ ಮೇಲೆ ಅದರ ಕರಾಳ ಮುಖವನ್ನು ಮುಚ್ಚಿಡುವುದು ಸರಿಯಲ್ಲ. 1946ರಲ್ಲಿ ಮಠದ ಸನ್ಯಾಸಿಗಳ ಒಂದು ಗುಂಪು ಅಧಿಕಾರದಲ್ಲಿದ್ದ ಆನ್ ಶಿಲಿನ್‌ನನ್ನೂ ಅವನ ಸಹಾಯಕನನ್ನೂ ಹಿಡಿದು ಮಠದೊಳಗೇ ಸುಟ್ಟು ಕೊಂದಿತು. ಮಠದ ಆಸ್ತಿ ಮಾರಿ ತಿಂದ, ವ್ರತಭಂಗ ಮಾಡಿದ ಎಂಬುದು ಆರೋಪ. ಮಠದ ಹಳೆಯ ದಂಡನೆಯ ಪಟ್ಟಿಯಲ್ಲಿ ಮಹಾಪರಾಧಕ್ಕೆ ಅಗ್ನಿಶಿಕ್ಷೆ ಇತ್ತೆಂಬುದು ಕೊಂದವರ ಸಮರ್ಥನೆ. ಇದಕ್ಕೆ ಕೆಲವೇ ವರ್ಷ ಹಿಂದೆ ಯೊಶಿಯೊಕ ಯೊಶಿತೊಯೊ ಎಂಬ ಜಪಾನಿ ವಿದ್ವಾಂಸ ಮಠದಲ್ಲೇ ತಂಗಿ, ಏಳುವ ಹೊತ್ತು, ಉಣ್ಣುವ ಕ್ರಮ, ಮಾತಾಡದೆ ನಡೆಯುವ ಬಗೆಯನ್ನೆಲ್ಲ ವಿವರವಾಗಿ ಬರೆದಿದ್ದ. ಆ ಶಾಂತ ವಿವರಣೆಯನ್ನೂ ಈ ಕೊಲೆಯನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಯಾರದೂ ಅಲ್ಲದ ಆಸ್ತಿ ಎಲ್ಲರದೂ ಹೌದು; ಅದನ್ನು ಒಬ್ಬ ನುಂಗಿದನೆನಿಸಿದಾಗ ಹುಟ್ಟುವ ಸಿಟ್ಟಿಗೂ ಒಬ್ಬ ಒಡೆಯನಿರುವುದಿಲ್ಲ. ಮಠದ ಒಳಗಿನ ನ್ಯಾಯ ಹೊರಗಿನ ನ್ಯಾಯಾಲಯವನ್ನು ಮೀರಿ ನಿಂತದ್ದು ಅದರ ದೋಷವೆಂದೇ ನನ್ನ ಎಣಿಕೆ.

ಉಳಿದದ್ದನ್ನು ಬೇಗ ಹೇಳಬಹುದು. 1912ರಲ್ಲಿ ಗಣರಾಜ್ಯ ಬಂದೊಡನೆ ದಾವ್ ಪಂಥದ ಮೊದಲ ಆಧುನಿಕ ಸಂಘ ಇಲ್ಲಿ ಹುಟ್ಟಿತ್ತು. 1957ರಲ್ಲಿ ಅಖಿಲ ಚೀನ ದಾವ್ ಸಂಘ ಸ್ಥಾಪನೆಯಾದಾಗ ಅದರ ಕಚೇರಿಯೂ ಇಲ್ಲಿಯೇ ಆಯಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಬಾಗಿಲು ಮುಚ್ಚಿಸಿತು. 1984ರಲ್ಲಿ ಬಾಗಿಲು ಮತ್ತೆ ತೆರೆಯಿತು. 1989ರಲ್ಲಿ, ಜನತಾ ಗಣರಾಜ್ಯದಲ್ಲಿ ಮೊದಲ ಬಾರಿಗೆ, ವಾಂಗ್ ಚಾಂಗ್‌ಯುವೆಯ ಕ್ರಮದ ಬಹಿರಂಗ ದೀಕ್ಷೆ ಇಲ್ಲಿ ನಡೆಯಿತು. ಮರುವರ್ಷ ದಾವ್ ವಿದ್ಯಾಲಯ ಶುರುವಾಯಿತು. ಸಂಘದ ಕಚೇರಿ ಇರುವುದರಿಂದ ಸರ್ಕಾರದ ಕಣ್ಣು ಸದಾ ಇರುತ್ತದೆ. ಅದು ಚಿಯು ಚೆಂಗಿಸ್ ಖಾನನ ಶಾಸನ ಹಿಡಿದು ಬಂದ ದಿನದಿಂದಲೂ ಇದ್ದದ್ದೇ. ಮಠದ ಇತಿಹಾಸವನ್ನು ಪ್ರಭುತ್ವದ ವಿರುದ್ಧದ ಕಥೆಯೆಂದು ಬರೆದರೂ ಪ್ರಭುತ್ವದ ಕೈಗೊಂಬೆಯ ಕಥೆಯೆಂದು ಬರೆದರೂ ಅರ್ಧ ತಪ್ಪುತ್ತದೆ. ಅರಸನ ಕಾಗದವನ್ನು ಪಡೆದು, ಆ ಕಾಗದವನ್ನು ಅಲೆಮಾರಿಯ ಊಟದ ಚೀಟಿಯಾಗಿ ಮಾಡುವುದು ಅದಕ್ಕೆ ಗೊತ್ತಿದ್ದ ವಿದ್ಯೆ.

ಚಿಯುವಿನ ಮಂದಿರದ ನಡುವೆ ಒಂದು ಬಟ್ಟಲಿದೆ. ಹಳೆಯ ಮರದ ಗಂಟನ್ನು ಕೊರೆದು ಮಾಡಿದ್ದು. ಚಿಂಗ್ ದೊರೆಯ ಕೊಡುಗೆಯೆಂದು ಹೇಳುತ್ತಾರೆ. ಮಠಕ್ಕೆ ಬಡತನ ಬಂದು ಒಲೆ ಹೊತ್ತದ ದಿನ ಬಂದರೆ ಸನ್ಯಾಸಿಗಳು ಈ ಬಟ್ಟಲನ್ನು ಅರಮನೆಗೆ ಹೊತ್ತು ತರಬಹುದು, ಅರಮನೆ ತುಂಬಿಸಿ ಕಳಿಸಬೇಕು ಎಂಬುದು ಕೊಡುಗೆಯ ಷರತ್ತಾಗಿತ್ತಂತೆ. ಭಿಕ್ಷಾಪಾತ್ರೆಯೇನೋ ಹೌದು, ಆದರೆ ಒಬ್ಬನ ಕೈಯಲ್ಲಿ ಎತ್ತಲಾಗದಷ್ಟು ದೊಡ್ಡದು. ಹೊರಲು ಕೆಲವರಾದರೂ ಬೇಕು. ಅರಮನೆ ಈಗ ವಸ್ತುಸಂಗ್ರಹಾಲಯ. ಬಟ್ಟಲು ತನ್ನ ಜಾಗದಲ್ಲೇ ಇದೆ, ಕೆಳಗೆ ಚಿಯುವಿನ ಅಸ್ಥಿ ಇದೆಯೆಂದು ಮಠದವರು ನಂಬುತ್ತಾರೆ.